ಸಹಾಯ ಬೇಕು: ಬೆಟ್ಟದ ಮೇಲೆ ಮ್ಯೂಯಾನ್ ಎಣಿಕೆ ಜಾಸ್ತಿ, ಎತ್ತರದಿಂದಲೋ ಚಳಿಯಿಂದಲೋ?

ಎಲ್ಲರಿಗೂ ನಮಸ್ಕಾರ. ಕಾಸ್ಮಿಕ್ ಕಿರಣ (ಬಾಹ್ಯಾಕಾಶದಿಂದ ಬರುವ ಕಣಗಳು) ಅಳೆದ ಅನುಭವ ಇರುವವರು ಸ್ವಲ್ಪ ದಾರಿ ತೋರಿಸಿ. ಅವು ಗಾಳಿಗೆ ಬಡಿದಾಗ ಹುಟ್ಟುವ, ಎಲೆಕ್ಟ್ರಾನ್‌ನಂಥ ಆದರೆ ಭಾರವಾದ ಮ್ಯೂಯಾನ್ ಕಣಗಳನ್ನು ಎಣಿಸುತ್ತಿದ್ದೇವೆ. ನಮ್ಮ ಡಿಟೆಕ್ಟರ್ ಸರಳ. ಒಂದರ ಮೇಲೊಂದು ಎರಡು ಪ್ಲಾಸ್ಟಿಕ್ ಸಿಂಟಿಲೇಟರ್ ಹಲಗೆ (ಕಣ ಹಾದುಹೋದಾಗ ಮಿನುಗುವಂಥವು), ಬೆಳಕು ಹಿಡಿಯಲು ಸಿಲಿಕಾನ್ ಫೋಟೋಮಲ್ಟಿಪ್ಲೈಯರ್ ಎಂಬ ಸೆನ್ಸರ್, ಎರಡೂ ಒಟ್ಟಿಗೆ ಮಿನುಗಿದರೆ ಮಾತ್ರ ಒಂದು ಎಣಿಕೆ. ಸಮುದ್ರ ಮಟ್ಟದಲ್ಲಿ ಚದರ ಸೆಂಟಿಮೀಟರಿಗೆ ನಿಮಿಷಕ್ಕೆ ಸುಮಾರು 1 ಮ್ಯೂಯಾನ್ ಬರಬೇಕು ಅಲ್ವಾ, ಹಲಗೆಗಳ ಅಂತರ ಲೆಕ್ಕ ಹಾಕಿದರೆ ಕೆಳಗೆ ಅದಕ್ಕೆ ಹತ್ತಿರವೇ ಬಂತು.

ತಲೆನೋವು ಶುರುವಾಗಿದ್ದು 4000 ಮೀಟರ್ ಎತ್ತರದಲ್ಲಿ. ಎಣಿಕೆ ಏರಿತು, ಅದು ಸರಿ. 1912ರಲ್ಲಿ ವಿಕ್ಟರ್ ಹೆಸ್ ಬಲೂನಿನಲ್ಲಿ 5 ಕಿಲೋಮೀಟರ್ ಮೇಲೇರಿ ಕಂಡದ್ದೂ ವಿಕಿರಣದ ಏರಿಕೆಯನ್ನೇ. ಆದರೆ ರಾತ್ರಿ ಚಳಿ ಹೆಚ್ಚಿದಂತೆ ಎಣಿಕೆ ಇನ್ನೂ ಏರುತ್ತದೆ, ಬಿಸಿಲು ಬಿದ್ದರೆ ಇಳಿಯುತ್ತದೆ. ಮ್ಯೂಯಾನ್‌ಗಳು ಹಗಲು ರಾತ್ರಿ ನೋಡಿಕೊಂಡು ಇಷ್ಟು ಬದಲಾಗುವುದಿಲ್ಲ. ವೋಲ್ಟೇಜ್ ಅಷ್ಟೇ ಇಟ್ಟಾಗ ತಂಪಿನಲ್ಲಿ ಸೆನ್ಸರಿನ ಗೇನ್ (ಸಂಕೇತವನ್ನು ಹಿಗ್ಗಿಸುವ ಪ್ರಮಾಣ) ಏರುತ್ತದೆ, ಹಾಗಾಗಿ ಸಣ್ಣ ವಿದ್ಯುತ್ ಪಲ್ಸ್‌ಗಳೂ ಮಿತಿ ದಾಟಿ ಎಣಿಕೆಗೆ ಸೇರುತ್ತಿವೆ ಅಂತ ನನ್ನ ಅನುಮಾನ. ಗಾಳಿಯ ಒತ್ತಡವನ್ನೂ ದಾಖಲಿಸುತ್ತಿದ್ದೇವೆ, ಆ ಏರಿಳಿತ ಇದಕ್ಕೆ ಸಾಲದು.

ಉಷ್ಣತೆಗೆ ತಕ್ಕಂತೆ ವೋಲ್ಟೇಜನ್ನೇ ತಿದ್ದುವುದು ಒಳ್ಳೆಯದಾ, ಇಲ್ಲಾ ಪಲ್ಸ್ ಎತ್ತರದ ದಾಖಲೆ ಇಟ್ಟುಕೊಂಡು ಆಮೇಲೆ ಸರಿಪಡಿಸಬಹುದಾ?

ಇನ್ನೊಂದು ವಿಷಯ. ಮೇಲೆ ಹೋದಂತೆ ಎಲೆಕ್ಟ್ರಾನ್‌ಗಳ ಪಾಲು ಮ್ಯೂಯಾನ್‌ಗಿಂತ ಬೇಗ ಹೆಚ್ಚುತ್ತದೆ. ಅವನ್ನು ತಡೆಯಲು ಸೀಸ ಇಡಬೇಕು, ಆದರೆ 20 ಸೆಂಟಿಮೀಟರ್ ಚದರದ ಹಲಗೆಗೆ 10 ಸೆಂಟಿಮೀಟರ್ ದಪ್ಪ ಅಂದರೆ ಸುಮಾರು 45 ಕಿಲೋ! ಬೆನ್ನ ಮೇಲೆ ಹೊತ್ತು ಹತ್ತೋದು ಯಾರು? ಕಡಿಮೆ ದಪ್ಪದಲ್ಲಿ ಕೆಲಸ ಮುಗಿಸಿದವರು ಇದ್ದರೆ ಹೇಳಿ. ಎಣಿಕೆ, ಉಷ್ಣತೆ, ಒತ್ತಡದ ಫೈಲ್ ಬೇಕಿದ್ದರೆ ಕಳಿಸುತ್ತೇನೆ.