ಎರಡನೆಯ ಕ್ಯಾಮೆರಾ ಬಾಡಿಯೋ, ಹೊಸ ಲೆನ್ಸೋ? ಸ್ವಂತವಾಗಿ ಹೊರಟವರಿಗೆ ಕೆಲವು ಅನುಭವಗಳು

ಪ್ರಶ್ನೆ: ಎರಡು ವರ್ಷ ಹಿರಿಯ ಛಾಯಾಗ್ರಾಹಕರೊಬ್ಬರ ಬಳಿ ಸಹಾಯಕನಾಗಿದ್ದೆ. ಈಗ ಮದುವೆ, ಸಣ್ಣಪುಟ್ಟ ಸಮಾರಂಭಗಳನ್ನು ಸ್ವಂತವಾಗಿ ಒಪ್ಪಿಕೊಳ್ಳುತ್ತಿದ್ದೇನೆ. ಕೈಯಲ್ಲಿರುವುದು ಒಂದು ಬಾಡಿ (ಲೆನ್ಸ್ ಬಿಟ್ಟು ಉಳಿದ ಕ್ಯಾಮೆರಾ), ಅದರ ಜೊತೆಗೇ ಬಂದ ಜೂಮ್ ಲೆನ್ಸ್, ಒಂದು 50 ಮಿ.ಮೀ. ಲೆನ್ಸ್, ಹಳೆಯ ಲ್ಯಾಪ್‌ಟಾಪ್. ಸ್ವಲ್ಪ ಹಣ ಕೂಡಿಟ್ಟಿದ್ದೇನೆ. ಮೊದಲು ಎರಡನೆಯ ಬಾಡಿ ಕೊಳ್ಳಲೇ, ದೂರದ್ದನ್ನು ಹತ್ತಿರ ತೋರಿಸುವ 70-200 ಮಿ.ಮೀ. ಲೆನ್ಸ್ ಕೊಳ್ಳಲೇ? ಇನ್ನೊಂದು, ನನ್ನ ಚಿತ್ರಗಳೆಲ್ಲ ಮೂರು ಹಾರ್ಡ್ ಡಿಸ್ಕ್‌ಗಳಲ್ಲಿ ಚೆಲ್ಲಾಪಿಲ್ಲಿಯಾಗಿವೆ. ನೀವೆಲ್ಲ ಇದನ್ನು ಹೇಗೆ ನಿಭಾಯಿಸುತ್ತೀರಿ?

ಮದುವೆ, ಸಮಾರಂಭಗಳಲ್ಲಿ ಹದಿನಾರು ವರ್ಷ ಕಳೆದವರ ಉತ್ತರ:

ನಿಮ್ಮ ಮೊದಲ ಪ್ರಶ್ನೆಗಿಂತ, "ಇನ್ನೊಂದು" ಎಂದು ಕೊನೆಗೆ ತುರುಕಿದ ಪ್ರಶ್ನೆ ನನ್ನನ್ನು ಹೆಚ್ಚು ಹೆದರಿಸಿತು. ಲೆನ್ಸ್ ಇಲ್ಲದೆ ಕೆಲಸ ಕೆಟ್ಟವರನ್ನು ನಾನು ಅಷ್ಟಾಗಿ ಕಂಡಿಲ್ಲ. ಚಿತ್ರ ತೆಗೆದು, ಮನೆಗೆ ಬಂದ ಮೇಲೆ ಕಳೆದುಕೊಂಡವರನ್ನು ಕಂಡಿದ್ದೇನೆ. ಅವರಲ್ಲಿ ನಾನೂ ಒಬ್ಬ.

ಕೆಲಸಕ್ಕಿಳಿದ ಐದನೆಯ ವರ್ಷ ಇರಬೇಕು. ಬೆಳಗಿನಿಂದ ರಾತ್ರಿಯವರೆಗೆ ನಡೆದ ಮದುವೆ, ಕ್ಯಾಮೆರಾದಲ್ಲಿ ಒಂದೇ ಮೆಮೊರಿ ಕಾರ್ಡು. ಮನೆಗೆ ಬಂದು ಕಾರ್ಡನ್ನು ಲ್ಯಾಪ್‌ಟಾಪಿಗೆ ಹಾಕಿ, ನಕಲಾಗಲು ಬಿಟ್ಟು, ಕುರ್ಚಿಯಲ್ಲೇ ನಿದ್ದೆಹೋದೆ. ಬೆಳಿಗ್ಗೆ ನೋಡಿದರೆ ಫೋಲ್ಡರ್ ತುಂಬಿದೆ, ಮೊದಲ ನಾಲ್ಕಾರು ಚಿತ್ರಗಳು ಚೆನ್ನಾಗಿ ತೆರೆದುಕೊಂಡವು. ಸರಿ ಎಂದು ಕಾರ್ಡನ್ನು ಫಾರ್ಮ್ಯಾಟ್ ಮಾಡಿದೆ. ನಡುರಾತ್ರಿ ಲ್ಯಾಪ್‌ಟಾಪ್ ತನ್ನಷ್ಟಕ್ಕೆ ತಾನೇ ಮತ್ತೆ ಚಾಲೂ ಆಗಿತ್ತು, ನಕಲು ಅರ್ಧಕ್ಕೇ ನಿಂತಿತ್ತು. ಇದು ಗೊತ್ತಾದದ್ದು ಸಂಜೆ, ಮದುವೆಯ ದ್ವಿತೀಯಾರ್ಧದ ಒಂದು ಚಿತ್ರವೂ ಕಾಣದಿದ್ದಾಗ.

ನನ್ನನ್ನು ಉಳಿಸಿದ್ದು ಒಂದೇ ಸಂಗತಿ: ಆ ಕಾರ್ಡಿನಲ್ಲಿ ಮತ್ತೆ ಒಂದು ಚಿತ್ರವನ್ನೂ ತೆಗೆದಿರಲಿಲ್ಲ. ಹಲವು ಕ್ಯಾಮೆರಾಗಳ ಸಾಮಾನ್ಯ ಫಾರ್ಮ್ಯಾಟ್ ಕಾರ್ಡಿನ ಪರಿವಿಡಿಯನ್ನಷ್ಟೇ ಅಳಿಸುತ್ತದೆ. ಮೇಲೆ ಹೊಸದನ್ನು ಬರೆಯುವ ತನಕ ಪುಟಗಳು ಒಳಗೇ ಇರುತ್ತವೆ. ಫೋಟೋರೆಕ್ ಎಂಬ ಉಚಿತ ತಂತ್ರಾಂಶವನ್ನು ಓಡಿಸಿದೆ. ಹೆಚ್ಚಿನವು ಮರಳಿ ಬಂದವು, ಕೆಲವು ಮೇಲರ್ಧ ಚಿತ್ರ ಕೆಳಗರ್ಧ ಬೂದು ಬಣ್ಣವಾಗಿ ಬಂದವು. ಫೈಲುಗಳ ಹಳೆಯ ಹೆಸರು ಒಂದೂ ಉಳಿದಿರಲಿಲ್ಲ. ತೆಗೆದ ಸಮಯವನ್ನು ಕ್ಯಾಮೆರಾ ಪ್ರತಿ ಚಿತ್ರದ ಒಳಗೂ ಬರೆದಿಟ್ಟಿರುತ್ತದಲ್ಲ, ಅದನ್ನು ಹಿಡಿದು ಸಾಲು ಜೋಡಿಸಿದೆ. ಮದುವೆ ಮನೆಯವರಿಗೆ ಹೇಳಿದೆನೇ? ಇಲ್ಲ. ಅದು ಇವತ್ತಿಗೂ ಚುಚ್ಚುತ್ತದೆ.

ಅಂದಿನಿಂದ ಕಾರ್ಡನ್ನು ಮನೆಯಲ್ಲಿ ಅಳಿಸುವುದೇ ಇಲ್ಲ. ಮುಂದಿನ ಶೂಟ್‌ನ ಬೆಳಿಗ್ಗೆ, ಕ್ಯಾಮೆರಾದಲ್ಲೇ, ಎರಡು ಕಡೆ ಪ್ರತಿ ಇದೆಯೆಂದು ಎಣಿಸಿ ನೋಡಿದ ಮೇಲೆ ಫಾರ್ಮ್ಯಾಟ್. ಎಣಿಸುವುದೆಂದರೆ ನಿಜವಾಗಿಯೂ ಎಣಿಸುವುದು: ಕಾರ್ಡಿನಲ್ಲಿ ಎಷ್ಟು ಫೈಲು, ಎಷ್ಟು ಗಾತ್ರ, ಡಿಸ್ಕಿನಲ್ಲಿ ಎಷ್ಟು. ತುಂಬಿದ ಕಾರ್ಡನ್ನು ಡಬ್ಬಿಯಲ್ಲಿ ಮಗುಚಿ ಇಡುತ್ತೇನೆ. ಕತ್ತಲ ಸಭಾಂಗಣದಲ್ಲಿ ಬೇರೇನೂ ನೆನಪಿರದಿದ್ದರೂ ಮಗುಚಿದ್ದನ್ನು ಮುಟ್ಟಬಾರದೆಂಬುದು ಕೈಗೆ ಗೊತ್ತಿರುತ್ತದೆ.

ಪ್ರತಿಗಳ ಲೆಕ್ಕಕ್ಕೆ 3-2-1 ಸೂತ್ರ ಸಾಕು: ಮೂರು ಪ್ರತಿ, ಎರಡು ಬಗೆಯ ಸಂಗ್ರಹ ಮಾಧ್ಯಮ, ಅದರಲ್ಲಿ ಒಂದು ಬೇರೆ ಕಟ್ಟಡದಲ್ಲಿ. ಈಗ ಕಂಪ್ಯೂಟರ್ ಮಂದಿಯೆಲ್ಲ ಜಪಿಸುವ ಈ ಸೂತ್ರವನ್ನು ಜನಪ್ರಿಯಗೊಳಿಸಿದವರು ಪೀಟರ್ ಕ್ರೋಗ್, ನಮ್ಮಂತೆಯೇ ಒಬ್ಬ ಛಾಯಾಗ್ರಾಹಕ. ಒಂದು ಡಿಸ್ಕಿನಲ್ಲಿ ಬರೆದದ್ದು ತಾನಾಗಿ ಇನ್ನೊಂದಕ್ಕೂ ಹೋಗುವ ಜೋಡಿ ಡಿಸ್ಕ್ ಪೆಟ್ಟಿಗೆಯನ್ನು ಎರಡು ಪ್ರತಿ ಎಂದುಕೊಳ್ಳಬೇಡಿ. ಒಂದರಲ್ಲಿ ತಪ್ಪಿ ಅಳಿಸಿದರೆ ಇನ್ನೊಂದರಲ್ಲೂ ಅದೇ ಕ್ಷಣ ಅಳಿಸಿಹೋಗುತ್ತದೆ. ಜಾಗ ಎಷ್ಟು ಬೇಕು? 24 ಮೆಗಾಪಿಕ್ಸೆಲ್ಲಿನ ಒಂದು ರಾ ಫೈಲಿಗೆ (ಸೆನ್ಸರ್ ಹಿಡಿದದ್ದನ್ನು ಹಾಗೇ ಉಳಿಸಿದ ಹಸಿ ಚಿತ್ರ) 25ರಿಂದ 30 ಎಂಬಿ ಹಿಡಿಯಿರಿ. 2,500 ಚಿತ್ರಕ್ಕೆ ಸುಮಾರು 70 ಜಿಬಿ, ಮೂರು ಪ್ರತಿಗೆ 200 ಜಿಬಿ ದಾಟಿತು. ಒಪ್ಪಿಕೊಂಡ ಪ್ರತಿ ಕೆಲಸಕ್ಕೂ ಈ ಖರ್ಚು ಸೇರಿಸಿಯೇ ದರ ಹೇಳಿ.

ಚೆಲ್ಲಾಪಿಲ್ಲಿಯಾದ ಮೂರು ಡಿಸ್ಕುಗಳನ್ನು ಒಂದು ದೊಡ್ಡ ಡಿಸ್ಕಿಗೆ ಸೇರಿಸುವಾಗ ಎಚ್ಚರ. ಬಹುತೇಕ ಕ್ಯಾಮೆರಾಗಳು ಫೈಲಿನ ಹೆಸರಿಗೆ ಕೊಡುವ ಸಂಖ್ಯೆ 9999 ಮುಟ್ಟಿ ಮತ್ತೆ 0001ಕ್ಕೆ ಬರುತ್ತದೆ. ಒಂದೇ ಹೆಸರಿನ ಎರಡು ಬೇರೆ ಚಿತ್ರಗಳು ಇದ್ದೇ ಇರುತ್ತವೆ. "ಬದಲಿಸಲೇ?" ಎಂದು ಯಂತ್ರ ಕೇಳಿದಾಗ ಆಕಳಿಸುತ್ತ ಹೂಂ ಅಂದರೆ ಒಂದು ಹೋಯಿತು. ಮೊದಲು ವರ್ಷ-ತಿಂಗಳು-ದಿನ ಹೆಸರಿನ ಫೋಲ್ಡರುಗಳಿಗೆ ಹಾಕಿ, ಫೈಲಿನ ಹೆಸರಿಗೂ ದಿನಾಂಕ ಸೇರಿಸಿ. ಇನ್ನೊಂದು ಮಾತು, ಚಿತ್ರ ತಿದ್ದಲು ಲೈಟ್‌ರೂಮ್ ಕ್ಲಾಸಿಕ್ ತಂತ್ರಾಂಶ ಬಳಸುವುದಾದರೆ ಅದರ ಕ್ಯಾಟಲಾಗ್‌ನಲ್ಲಿ ಇರುವುದು ನಿಮ್ಮ ತಿದ್ದುಪಡಿಗಳ ದಾಖಲೆ, ಚಿತ್ರಗಳಲ್ಲ. ಎರಡಕ್ಕೂ ಬೇರೆ ಬೇರೆ ಪ್ರತಿ ಬೇಕು.

ಬಾಡಿಯೋ ಲೆನ್ಸೋ ಎಂದರೆ ಬಾಡಿ. ಎರಡು ಕಾರ್ಡ್ ಹಿಡಿಯುವಂಥದ್ದು. ಎರಡರಲ್ಲೂ ರಾ ಒಟ್ಟಿಗೇ ಬರೆಯಲಿ.

ವೇದಿಕೆ, ವಿಚಾರಸಂಕಿರಣಗಳ ಚಿತ್ರ ತೆಗೆಯುವವರ ಉತ್ತರ:

ಮೇಲಿನವರ ಮಾತು ಒಪ್ಪುತ್ತೇನೆ, ಲೆನ್ಸ್ ಬಗ್ಗೆ ಅಷ್ಟು ಸಲೀಸಾಗಿ ಕೈಬೀಸಿದ್ದನ್ನು ಬಿಟ್ಟು. ವೇದಿಕೆಯಿಂದ ಹದಿನೈದು ಮೀಟರ್ ದೂರ ಕೂರಿಸಿದರೆ 50 ಮಿ.ಮೀ.ನಲ್ಲಿ ಭಾಷಣಕಾರ ಬೆಂಕಿಕಡ್ಡಿಯಂತೆ ಕಾಣುತ್ತಾರೆ. ಆದರೂ ಈಗಲೇ ಕೊಳ್ಳಬೇಡಿ, ಬಾಡಿಗೆಗೆ ತನ್ನಿ. ಹೆಚ್ಚು ಬೆಳಕು ಒಳಬಿಡುವ ಎಫ್/2.8ರ 70-200 ಒಂದರಿಂದ ಒಂದೂವರೆ ಕೆ.ಜಿ. ತೂಗುತ್ತದೆ. ನಾಲ್ಕು ಶೂಟ್ ಹೊತ್ತರೆ ಬೇಕೋ ಬೇಡವೋ ಎಂದು ಹೆಗಲೇ ಹೇಳುತ್ತದೆ.

ನಾನು ಕಲಿತ ದುಬಾರಿ ಪಾಠ ಬೇರೆ. ಒಂದು ಸಭೆಯಲ್ಲಿ ಶಟರ್ ಸದ್ದು ಬೇಡವೆಂದರು. ಎಲೆಕ್ಟ್ರಾನಿಕ್ ಶಟರ್ ಹಾಕಿ ಮಧ್ಯಾಹ್ನವೆಲ್ಲ ತೆಗೆದೆ. ಹಿಂಬದಿಯ ಪುಟ್ಟ ಪರದೆಯಲ್ಲಿ ಎಲ್ಲವೂ ಚೆನ್ನಾಗಿತ್ತು. ಮನೆಯಲ್ಲಿ ದೊಡ್ಡದು ಮಾಡಿದರೆ ಮುಖದ ಮೇಲೆ, ಗೋಡೆಯ ಮೇಲೆ ಅಡ್ಡಡ್ಡ ಕಪ್ಪು ಪಟ್ಟೆಗಳು. ಕೃತಕ ದೀಪ ಎಷ್ಟೋ ಸಲ ನಮ್ಮ ಕಣ್ಣಿಗೆ ಕಾಣದಂತೆ ಮಿನುಗುತ್ತಿರುತ್ತದೆ. 50 ಹರ್ಟ್ಸ್ ವಿದ್ಯುತ್ ಇರುವಲ್ಲಿ ಸೆಕೆಂಡಿಗೆ 100 ಸಲ. ಎಲೆಕ್ಟ್ರಾನಿಕ್ ಶಟರ್ ಚಿತ್ರವನ್ನು ಸಾಲುಸಾಲಾಗಿ ಓದುತ್ತದೆ, ದೀಪ ಮಂಕಾದ ಗಳಿಗೆಯ ಸಾಲುಗಳು ಕಪ್ಪಾಗುತ್ತವೆ. ಅಲ್ಲಿ ಶಟರ್ ವೇಗ 1/100 ಅಥವಾ 1/50 ಸೆಕೆಂಡಿಗೆ ಇಳಿದರೆ ಪ್ರತಿ ಸಾಲಿಗೂ ಪೂರ್ತಿ ಮಿನುಗು ಸಿಕ್ಕಿ ಪಟ್ಟೆ ಮಾಯವಾಗುತ್ತದೆ. 60 ಹರ್ಟ್ಸ್ ಇದ್ದರೆ 1/120, 1/60ರ ಆಸುಪಾಸು. ಮಂಕು ಮಾಡುವ ಸ್ವಿಚ್ಚಿನ ಎಲ್‌ಇಡಿಗಳು, ದೊಡ್ಡ ಎಲ್‌ಇಡಿ ಪರದೆಗಳು ಈ ಲೆಕ್ಕಕ್ಕೆ ಸಿಗುವುದಿಲ್ಲ. ಸಭಿಕರು ಬರುವ ಮುನ್ನ ಬಿಳಿ ಗೋಡೆಯ ಹತ್ತು ಚಿತ್ರ ತೆಗೆದು, ದೊಡ್ಡದು ಮಾಡಿ ನೋಡಿ. ಪಟ್ಟೆ ಕಂಡರೆ ಮೆಕ್ಯಾನಿಕಲ್ ಶಟರ್ರೇ ಗತಿ, ಸದ್ದಾದರೆ ಆಗಲಿ.

ಎರಡು ಬಾಡಿ ಬಂದ ದಿನವೇ ಎರಡರ ಗಡಿಯಾರವನ್ನೂ ಹೊಂದಿಸಿ. ನನ್ನವು ಏಳು ನಿಮಿಷ ಹಿಂದೆಮುಂದೆ ಇದ್ದವು, ಆಲ್ಬಮ್ಮಿನಲ್ಲಿ ಚಪ್ಪಾಳೆ ಮೊದಲು ಬಂದು ಭಾಷಣ ಆಮೇಲೆ ಬಂತು. ಈಗ ಪ್ರತಿ ಶೂಟ್‌ನ ಆರಂಭದಲ್ಲಿ ಮೊಬೈಲಿನ ಗಡಿಯಾರವನ್ನು ಎರಡರಲ್ಲೂ ಒಂದೊಂದು ಚಿತ್ರ ತೆಗೆಯುತ್ತೇನೆ. ವ್ಯತ್ಯಾಸವಿದ್ದರೆ ಆಮೇಲೆ ಒಟ್ಟಿಗೆ ಸರಿಪಡಿಸಬಹುದು.

ಸ್ಟುಡಿಯೋದಲ್ಲಿ ವಸ್ತುಗಳ ಚಿತ್ರ ತೆಗೆಯುವವರ ಉತ್ತರ:

ಕಂಪ್ಯೂಟರ್ ಪರದೆಯ ಬಗ್ಗೆ ಯಾರೂ ಹೇಳಲಿಲ್ಲವಲ್ಲ! ನಾನು ರಾತ್ರಿ ಕತ್ತಲಲ್ಲಿ ಪರದೆಯ ಬೆಳಕನ್ನು ಪೂರ್ತಿ ಏರಿಸಿಕೊಂಡು ತಿದ್ದುತ್ತಿದ್ದೆ. ಮುದ್ರಿಸಿದರೆ ಎಲ್ಲವೂ ಕಪ್ಪುಕಪ್ಪು. ಮುದ್ರಕರ ಜೊತೆ ಎರಡು ಸಲ ಜಗಳವಾಡಿದ ಮೇಲೆ ತಪ್ಪು ನನ್ನದೆಂದು ಗೊತ್ತಾಯಿತು. ಬಣ್ಣ ಅಳೆಯುವ ಪುಟ್ಟ ಉಪಕರಣ ಸಿಗುತ್ತದೆ, ಅದನ್ನು ಪರದೆಗೆ ತೂಗುಹಾಕಿ ತಿಂಗಳಿಗೊಮ್ಮೆ ಸರಿಮಾಡಿಕೊಳ್ಳಿ.

ಗ್ರಾಹಕರಿಗೆ ಕಳಿಸುವ ಜೆಪೆಗ್ ಫೈಲು ಎಸ್‌ಆರ್‌ಜಿಬಿ ಎಂಬ ಸಾಮಾನ್ಯ ಬಣ್ಣವ್ಯಾಪ್ತಿಯಲ್ಲೇ ಇರಲಿ. ಅಡೋಬಿ ಆರ್‌ಜಿಬಿ ಹೆಚ್ಚು ಬಣ್ಣ ಹಿಡಿಯುತ್ತದೆಂದು ನಾನೂ ಹಿಗ್ಗಿ ಅದರಲ್ಲೇ ಕಳಿಸಿದ್ದೆ. ಫೈಲಿನೊಳಗಿನ ಬಣ್ಣದ ಪ್ರೊಫೈಲನ್ನು (ಯಾವ ಬಣ್ಣವ್ಯಾಪ್ತಿ ಎಂಬ ಸೂಚನೆ) ಓದದ ಪರದೆಗಳಲ್ಲಿ ಅದು ಸಪ್ಪೆಯಾಗಿ ಕಂಡು, "ಬಟ್ಟೆಯ ಕೆಂಪು ಎಲ್ಲಿ ಹೋಯಿತು?" ಎಂದು ಕೇಳಿಸಿಕೊಂಡೆ. ತಿದ್ದುವುದು ಮಾತ್ರ ರಾದಲ್ಲೇ. 14 ಬಿಟ್‌ನ ರಾದಲ್ಲಿ ಪ್ರತಿ ಬಣ್ಣಕ್ಕೆ ಬೆಳಕಿನ 16,384 ಮೆಟ್ಟಿಲು, ಜೆಪೆಗ್‌ನಲ್ಲಿ 256. ನೆರಳಿನ ಭಾಗವನ್ನು ಬೆಳಗಿಸಿ ನೋಡಿದರೆ ವ್ಯತ್ಯಾಸ ಕಣ್ಣಿಗೇ ಕಾಣುತ್ತದೆ.

ಪ್ರಶ್ನೆ ಕೇಳಿದವರು:

ಎಲ್ಲರಿಗೂ ಧನ್ಯವಾದ. ಬಾಡಿ ಎಂದು ತೀರ್ಮಾನಿಸಿದೆ, ಲೆನ್ಸ್ ಬಾಡಿಗೆಗೆ. ನನ್ನದಕ್ಕಿಂತ ಹೊಸ ಮಾದರಿಯೊಂದು ಬೇರೆ ಕಂಪನಿಯದು, ಕಣ್ಣಿಗೆ ಫೋಕಸ್ ಹಿಡಿಯುವುದರಲ್ಲಿ ಅದೇ ಮೇಲು ಎನ್ನುತ್ತಾರೆ. ತೆಗೆದುಕೊಳ್ಳಲೇ?

ಮೊದಲು ಉತ್ತರಿಸಿದವರು:

ಬೇಡ. ಎರಡು ಬಗೆಯ ಬ್ಯಾಟರಿ, ಎರಡು ಚಾರ್ಜರ್, ಅದಲುಬದಲಾಗದ ಲೆನ್ಸ್‌ಗಳು, ಒಂದರಲ್ಲಿ ಬಲಕ್ಕೆ ತಿರುಗುವ ಜೂಮ್ ಇನ್ನೊಂದರಲ್ಲಿ ಎಡಕ್ಕೆ. ಚರ್ಮದ ಬಣ್ಣವೂ ಎರಡರಲ್ಲಿ ಎರಡು ಥರ ಬಂದು, ಒಂದೇ ಕಾರ್ಯಕ್ರಮದ ಚಿತ್ರಗಳನ್ನು ಹೊಂದಿಸುತ್ತ ಕೂರಬೇಕು. ಈಗಿರುವ ಕಂಪನಿಯದೇ, ನಿಮ್ಮ ಬ್ಯಾಟರಿಯನ್ನೇ ಹಿಡಿಯುವ ಮಾದರಿ ನೋಡಿ, ಸೆಕೆಂಡ್ ಹ್ಯಾಂಡ್ ಆದರೂ ಸರಿ. ಕೊಳ್ಳುವ ಮುನ್ನ ಲೆನ್ಸಿನ ಕಿಂಡಿಯನ್ನು ಎಫ್/16ಕ್ಕೆ ಕಿರಿದು ಮಾಡಿಟ್ಟು ಖಾಲಿ ಆಕಾಶದ ಒಂದು ಚಿತ್ರ ತೆಗೆಯಿರಿ, ಸೆನ್ಸರ್ ಮೇಲಿನ ಕಲೆ, ಧೂಳು ಎಲ್ಲ ಅದರಲ್ಲಿ ಕಾಣುತ್ತದೆ. ಎರಡೂ ಕಾರ್ಡ್ ಗೂಡುಗಳಲ್ಲಿ ಕಾರ್ಡ್ ಹಾಕಿ ಬರೆಯುತ್ತದೆಯೇ ಎಂದೂ ನೋಡಿ. ನಾನು ಒಮ್ಮೆ ಒಂದನ್ನಷ್ಟೇ ನೋಡಿ ತಂದಿದ್ದೆ.