ಮೊದಲ ಸಂಚಿಕೆಯಲ್ಲಿ ನಗು, ನೋವು ಮತ್ತು ಚಿತ್ರ

ಕೋರಿಕೆ: ನಾನು ಮತ್ತು ನನ್ನ ಚಿತ್ರಕಾರ ಗೆಳೆಯ ಸೇರಿ 22 ಪುಟಗಳ ಸೂಪರ್‌ಹೀರೋ ಕಾಮಿಕ್ಸ್ ಸಿದ್ಧಪಡಿಸುತ್ತಿದ್ದೇವೆ. ಹಾಸ್ಯ ಹೆಚ್ಚಿದರೆ ಗಂಭೀರ ಸನ್ನಿವೇಶ ತೆಳುವಾಗುತ್ತದೆ. ಎರಡನ್ನೂ ಮಾತಿನಲ್ಲೇ ತುಂಬಿದರೆ ಚಿತ್ರಕ್ಕೆ ಜಾಗ ಉಳಿಯುವುದಿಲ್ಲ. ಅನುಭವವಿದ್ದವರು ದಯವಿಟ್ಟು ತಿಳಿಸಿ.

ಮೊದಲ ಉತ್ತರ: ಹಾಸ್ಯಕ್ಕಿಷ್ಟು ಪುಟ, ದುಃಖಕ್ಕಿಷ್ಟು ಪುಟ ಎಂದು ಪಾಲು ಹಾಕಲು ಹೋಗಬೇಡಿ, ನಾಯಕನ ಒಂದೇ ಗುಣದಿಂದ ಎರಡೂ ಹುಟ್ಟುವಂತೆ ನೋಡಿಕೊಳ್ಳಿ. 1962ರಲ್ಲಿ ಸ್ಟ್ಯಾನ್ ಲೀ ಮತ್ತು ಸ್ಟೀವ್ ಡಿಟ್ಕೊ ರೂಪಿಸಿದ ಸ್ಪೈಡರ್‌ಮ್ಯಾನ್‌ನ ಮೊದಲ ಕಥೆ ಕೇವಲ 11 ಪುಟಗಳದ್ದು. ಸಂಕೋಚದ ಹುಡುಗನೊಬ್ಬ ಮುಖ ಮುಚ್ಚಿಕೊಂಡು ಕುಸ್ತಿಯ ಕಣಕ್ಕಿಳಿದು, ದೈತ್ಯ ಪೈಲ್ವಾನನನ್ನು ಹೊತ್ತುಕೊಂಡೇ ಕಂಬ ಹತ್ತುವಾಗ ನಮಗೆ ನಗು ಬರುತ್ತದೆ. ಆ ಗೆಲುವಿನಿಂದ ತಲೆಗೇರಿದ ಅಹಂಕಾರವೇ, ಓಡಿಹೋಗುತ್ತಿರುವ ಕಳ್ಳನನ್ನು ‘ನನಗೇಕೆ’ ಎಂದು ಬಿಟ್ಟುಬಿಡುವಂತೆ ಮಾಡುತ್ತದೆ. ಅದೇ ಕಳ್ಳ ಮುಂದೆ ಆ ಹುಡುಗನನ್ನು ಸಾಕಿ ಬೆಳೆಸಿದ ಅಂಕಲ್ ಬೆನ್‌ರನ್ನು ಕೊಲ್ಲುತ್ತಾನೆ. ಕೊನೆಯ ಚೌಕಟ್ಟಿನಲ್ಲಿ ಹುಡುಗ ಕತ್ತಲ ಬೀದಿಯಲ್ಲಿ ದೂರ ಸರಿಯುವ ಪುಟ್ಟ ಆಕೃತಿ ಮಾತ್ರ. ಕೆಲವೇ ಪುಟಗಳ ಹಿಂದೆ ಕಂಬ ಹತ್ತಿ ಮೆರೆದವನು ಇವನೇ ಎಂಬ ನೆನಪಿನಿಂದಲೇ ಆ ಚಿತ್ರ ಕರುಳಿಗೆ ನಾಟುತ್ತದೆ.

ಎರಡನೆಯ ಉತ್ತರ: ಈ ಮಾತನ್ನು ಪೂರ್ತಿ ಒಪ್ಪುತ್ತೇನೆ. ಜಿ. ವಿಲೋ ವಿಲ್ಸನ್ ಬರೆದು ಏಡ್ರಿಯನ್ ಅಲ್ಫೋನಾ ಚಿತ್ರಿಸಿದ, 2014ರ ಮಿಸ್ ಮಾರ್ವೆಲ್ ಕಾಮಿಕ್ಸ್‌ನ ಮೊದಲ ಸಂಚಿಕೆಯನ್ನೂ ನೋಡಿ. ಜರ್ಸಿ ಸಿಟಿಯ ಮುಸ್ಲಿಂ ಹುಡುಗಿ ಕಮಲಾ ಖಾನ್ ಅಂಗಡಿಯಲ್ಲಿ ನಿಂತು, ತಿನ್ನಬಾರದ ಬೇಕನ್ನಿನ (ಹಂದಿಮಾಂಸದ) ವಾಸನೆಯನ್ನಷ್ಟೇ ಆಸೆಯಿಂದ ಹೀರುವುದರೊಂದಿಗೆ ಕಥೆ ಆರಂಭವಾಗುತ್ತದೆ. ಎಲ್ಲರಂತಾಗಬೇಕೆಂಬ ಅದೇ ಹಂಬಲ, ಸಂಚಿಕೆ ಮುಗಿಯುವಾಗ ಅವಳನ್ನು ಬೇರೊಬ್ಬಳ ರೂಪಕ್ಕೇ ತಳ್ಳುತ್ತದೆ. ಅಲ್ಫೋನಾ ಹಿನ್ನೆಲೆಯ ಡಬ್ಬಿ, ಬೋರ್ಡುಗಳಲ್ಲೂ ಚೇಷ್ಟೆ ಅಡಗಿಸಿಡುವುದರಿಂದ ಪಾತ್ರಗಳು ನಗಿಸುವುದಕ್ಕೆಂದೇ ಮಾತನಾಡಬೇಕಾಗಿಲ್ಲ.

ಮೂರನೆಯ ಉತ್ತರ: ನಾನು ಎಡವಿದ್ದನ್ನು ಹೇಳುತ್ತೇನೆ. ನಮ್ಮ ಮೊದಲ ಸಂಚಿಕೆಯಲ್ಲಿ ನಾಯಕಿಯ ತಂದೆ ಆಸ್ಪತ್ರೆಯಲ್ಲಿ ತೀರಿಕೊಳ್ಳುವ ಪುಟಕ್ಕೆ ಒಂಬತ್ತು ಬಲೂನುಗಳಷ್ಟು (ಪಾತ್ರದ ಮಾತು ಬರೆಯುವ ಗುಳ್ಳೆಗಳಷ್ಟು) ಮಾತು ಬರೆದಿದ್ದೆ. ಕೊನೆಯದರಲ್ಲಿ ಒಂದು ಚಟಾಕಿಯೂ ಇತ್ತು. ಚಿತ್ರ ಬರೆಯುತ್ತಿದ್ದ ಗೆಳತಿ ಅವೆಲ್ಲವನ್ನೂ ಬದಿಗಿಟ್ಟು, ವರಾಂಡದ ಬೆಂಚಿನ ಮೇಲೆ ಮುಚ್ಚಳ ತೆರೆಯದ ಟಿಫಿನ್ ಕ್ಯಾರಿಯರ್ ಒಂದನ್ನೇ ಬರೆದು ತಂದರು. ನಾಲ್ಕನೆಯ ಪುಟದಲ್ಲಿ ಅದೇ ಕ್ಯಾರಿಯರ್ ಬಸ್ಸಿನಲ್ಲಿ ಉರುಳಿ, ಪಕ್ಕದವರ ಪಂಚೆಯ ಮೇಲೆಲ್ಲ ಸಾರು ಚೆಲ್ಲಿ ನಗಿಸಿತ್ತು. ನಾನು ಒಂಬತ್ತೂ ಬಲೂನುಗಳನ್ನು ತೆಗೆದುಹಾಕಿದೆ. ಇಂತಹ ಮೌನದ ಚಿತ್ರವನ್ನು ಬಲಪುಟದಲ್ಲಿಟ್ಟರೆ ಎಡಪುಟ ಓದುತ್ತಿರುವಾಗಲೇ ಕಣ್ಣು ಅತ್ತ ಹೋಗಿಬಿಡುತ್ತದೆ. ಹಾಳೆ ಮಗುಚಿದ ಮೇಲಷ್ಟೇ ಕಾಣುವಂತೆ ಎಡಪುಟದಲ್ಲಿಡಿ.