ಸಹಾಯ ಬೇಕು: 1920ರ ದಶಕದ ಅಮೆರಿಕನ್ ಸ್ಲ್ಯಾಂಗ್‌ನಲ್ಲಿ ‘ಜೇಕ್?’ ಅಂದ್ರೆ ಇಲ್ಲಿ ಯಾವ ಅರ್ಥ?

ಎಲ್ಲರಿಗೂ ನಮಸ್ಕಾರ. 1926ರ ನ್ಯೂಯಾರ್ಕಿನ ಕಳ್ಳ ಬಾರ್ ಒಂದರಲ್ಲಿ ನಡೆಯೋ ನಾಟಕ ಕನ್ನಡಕ್ಕೆ ತರ್ತಾ ಇದೀವಿ. ಫ್ಲಾಪರ್‌ಗಳ (ಆ ಕಾಲದ, ಕಟ್ಟುಪಾಡು ಮೀರಿದ ಫ್ಯಾಷನ್ ಹುಡುಗಿಯರ) ಮಾತು ಬಹುಪಾಲು ಬಗೆಹರಿದಿದೆ. ‘ಬೀಸ್ ನೀಸ್’, ‘ಕ್ಯಾಟ್ಸ್ ಪಜಾಮಾಸ್’ ಎರಡೂ ‘ಸೂಪರ್’. ‘ಆಪಲ್‌ಸಾಸ್’ ಅಂದ್ರೆ ಬರೀ ಬುರುಡೆ. ‘ಹ್ಯಾಂಡ್‌ಕಫ್’ ಅಂದ್ರೆ ನಿಶ್ಚಿತಾರ್ಥದ ಉಂಗುರ (ಇದು ಇವತ್ತಿಗೂ ಸಲ್ಲುತ್ತೆ ಬಿಡಿ). ‘ಬೆರೀಸ್’ಗೆ ಮುಂಚೆ ಸಂಖ್ಯೆ ಬಂದ್ರೆ ಡಾಲರ್, ‘ದಿ’ ಬಂದ್ರೆ ಭರ್ಜರಿ.

ಸಿಕ್ಕಿಹಾಕಿಕೊಂಡಿರೋದು ‘ಜೇಕ್’ ಹತ್ರ. ‘ಎವ್ರಿಥಿಂಗ್ಸ್ ಜೇಕ್’ ಅಂದ್ರೆ ಎಲ್ಲಾ ಸರಿಯಿದೆ. ಆದ್ರೆ ಪಾನನಿಷೇಧದ ಕಾಲದಲ್ಲಿ ಔಷಧಿ ಅಂಗಡೀಲಿ ಸಿಗ್ತಿದ್ದ, ಅರ್ಧಕ್ಕಿಂತ ಹೆಚ್ಚು ಆಲ್ಕೋಹಾಲೇ ಇದ್ದ ಜಮೈಕಾ ಶುಂಠಿ ಸಾರಕ್ಕೂ ಅದೇ ಹೆಸರು. 1930ರಲ್ಲಿ ಕಲಬೆರಕೆ ಜೇಕ್ ಕುಡಿದು ಸಾವಿರಾರು ಜನರ ಕಾಲು ಸ್ವಾಧೀನ ತಪ್ಪಿದ್ದು ಇದರಿಂದಲೇ. ಪೂರ್ತಿ ವಾಕ್ಯ ಇದ್ರೆ ಗುಣವಾಚಕವೋ ನಾಮಪದವೋ ನೋಡಿ ತೀರ್ಮಾನಿಸಬಹುದು. ಇಲ್ಲಿ ಬಾಗಿಲು ಕಾಯೋನು ಕಿಂಡಿಯಿಂದ ಬರೀ ‘ಜೇಕ್?’ ಅಂತಾನೆ, ಬಂದವನು ತಲೆ ಆಡಿಸ್ತಾನೆ, ಅಷ್ಟೇ. ನಿಘಂಟುಗಳು ಎರಡೂ ಅರ್ಥ ಕೊಟ್ಟು ಸುಮ್ಮನಾಗ್ತವೆ. ಶುಂಠಿ ಸಾರ ಹೆಚ್ಚಾಗಿ ಬಡವರ ಕುಡಿತ, ಬಾರಿನ ಬಾಗಿಲಲ್ಲಿ ಅದನ್ನ ಕೇಳೋದು ಅನುಮಾನವೇ.

ಇಲ್ಲಿ ‘ಎಲ್ಲಾ ಸರಿನಾ?’ ಅಂತಲೇ ಹಾಕಬಹುದಾ, ಅಥವಾ ಕುಡಿತದ ಅರ್ಥಕ್ಕೂ ಜಾಗ ಇದೆಯಾ? ಆ ಕಾಲದ ಬಳಕೆ ಗೊತ್ತಿರೋರು ದಯವಿಟ್ಟು ಹೇಳಿ.